‘ಎಕ್ಸ್‌ಪೆಡೈಟ್’ ಅಂತ ಬರೆಸುವವರಿಗೆ, ಅಚ್ಚು ಹಾಕುವವರಿಗೆ

ಮಾನ್ಯ ಸಂಪಾದಕರೇ,

ನಿಮ್ಮ ಜಿಲ್ಲಾ ಪುಟದಲ್ಲಿ ‘ಕಾಮಗಾರಿ ಚುರುಕುಗೊಳಿಸಲು ಸೂಚನೆ’ ಅನ್ನುವ ತಲೆಬರಹ ಇಲ್ಲದ ವಾರವೇ ಇಲ್ಲ. ಒಮ್ಮೆ ಕುಡಿಯುವ ನೀರು, ಒಮ್ಮೆ ರಸ್ತೆ, ಒಮ್ಮೆ ಭೂಸ್ವಾಧೀನ. ಸಭೆಯ ಫೋಟೊ ಇರುತ್ತದೆ. ಮೇಜಿನ ಮೇಲೆ ನೀರಿನ ಬಾಟಲಿಗಳ ಸಾಲು ಇರುತ್ತದೆ. ಯಾವ ತಾರೀಕಿನೊಳಗೆ ಮುಗಿಸಿ ಅಂದರು ಅನ್ನೋದು ಮಾತ್ರ ಕೊನೆಯ ಸಾಲಿನವರೆಗೆ ಹುಡುಕಿದರೂ ಸಿಗೋದಿಲ್ಲ. ನಿಮ್ಮ ವರದಿಗಾರರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಸಭೆಯಲ್ಲಿ ತಾರೀಕೇ ಹೇಳದಿದ್ದರೆ ಅವರಾದರೂ ಎಲ್ಲಿಂದ ತರಬೇಕು? ಆದರೆ ಇದೇ ಕಾಯಿಲೆ ನನ್ನ ಅಂಗಡಿಯಲ್ಲೂ ಇದೆ. ಅದಕ್ಕೆ ಈ ಪತ್ರ.

ನಾನು ಚಿತ್ರದುರ್ಗದಲ್ಲಿ ಜಾಬ್ ಟೈಪಿಸ್ಟ್. ರೆಮಿಂಗ್ಟನ್ ಮಷಿನ್ನಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸು ಮಾಡಿದವಳು. ಈಗ ಮಷಿನ್ನು ಅಟ್ಟದ ಮೇಲಿದೆ, ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಬ್ಯಾಂಕಿಗೆ ಪತ್ರ, ಪಿಎಫ್ ಕಚೇರಿಗೆ ಪತ್ರ, ಏನಿದ್ದರೂ ಮಾಡಿಕೊಡುತ್ತೇನೆ. ಮೊಳಕಾಲ್ಮೂರಿನಿಂದ ಸೀರೆ ನೇಯುವವರು ಬರುತ್ತಾರೆ, ಚಳ್ಳಕೆರೆಯಿಂದ ಶೇಂಗಾ ಬೆಳೆದವರು, ಹೊಳಲ್ಕೆರೆಯಿಂದ ಅಡಿಕೆ ತೋಟದವರು. ಅವರು ಹೇಳುತ್ತಾರೆ, ನಾನು ಬರೆದುಕೊಡುತ್ತೇನೆ. ಎಲ್ಲ ಮುಗಿದು ಪ್ರಿಂಟ್ ತೆಗೆಯುವ ಹೊತ್ತಿಗೆ ಒಂದು ಮಾತು ತಪ್ಪದೆ ಬರುತ್ತದೆ: “ಮೇಡಂ, ಕೊನೇಲಿ ಎಕ್ಸ್‌ಪೆಡೈಟ್ ಅಂತ ಒಂದು ಹಾಕ್ರಿ.” ಬೇಗ ಮಾಡಿ ಅನ್ನೋದಕ್ಕೆ ಇಂಗ್ಲಿಷ್ ಮಾತು ಅದು.

ರಾಜ್ಯ ಸರ್ಕಾರದ ಕಚೇರಿಗೆ ಹೋಗುವ ಪತ್ರ ಕನ್ನಡದಲ್ಲಿರುತ್ತದೆ. ಅಲ್ಲಿ ಈ ಜಾಗದಲ್ಲಿ ‘ಜರೂರು’, ‘ಅತಿ ಜರೂರು’ ಇರುತ್ತದೆ. ಬ್ಯಾಂಕು, ವಿಮೆ, ಪಿಎಫ್, ರೈಲ್ವೆಗೆ ಇಂಗ್ಲಿಷಿನಲ್ಲೇ ಬೇಕು ಅನ್ನುತ್ತಾರೆ. ಅಲ್ಲಿ ಎಕ್ಸ್‌ಪೆಡೈಟ್. ಈ ಒಂದು ಪದಕ್ಕೆ ಏನೋ ಶಕ್ತಿ ಇದೆ ಅಂತ ಜನ ನಂಬಿದ್ದಾರೆ. “ಅದಿದ್ರೆ ಮ್ಯಾನೇಜರ್ರು ಓದ್ತಾರಂತೆ” ಅಂತ ಒಬ್ಬರು ಹೇಳಿದರು. ಯಾರು ಹೇಳಿದ್ದು ಅಂದೆ. “ಬ್ಯಾಂಕಲ್ಲೇ ಹೇಳಿದ್ರು, ಎಕ್ಸ್‌ಪೆಡೈಟ್ ಮಾಡೋಕೆ ಒಂದು ಲೆಟರ್ ಕೊಡಿ ಅಂದ್ರು.” ನೋಡಿ, ಕೆಲಸ ಮಾಡಬೇಕಾದವರೇ ಕೆಲಸ ಬೇಗ ಮಾಡಿ ಅಂತ ತಮಗೇ ಒಂದು ಪತ್ರ ಬರೆಸಿಕೊಳ್ಳುತ್ತಾರೆ. ಆ ಪತ್ರಕ್ಕೆ ಒಂದು ಸೀಲು ಬೀಳುತ್ತದೆ. ಅದು ಫೈಲಿಗೆ ಸೇರುತ್ತದೆ. ಫೈಲು ಒಂದು ಹಾಳೆ ದಪ್ಪ ಆಗುತ್ತದೆ, ಅಷ್ಟೆ.

ಪದವೇನೋ ಒಳ್ಳೆಯದೇ. ಲ್ಯಾಟಿನ್ನಿನಲ್ಲಿ ಪಾದಕ್ಕೆ ಇರುವ ಮಾತಿನಿಂದ ಬಂದದ್ದು. ಸಿಕ್ಕಿಕೊಂಡ ಕಾಲನ್ನು ಬಿಡಿಸು ಅನ್ನೋದು ಮೂಲ ಅರ್ಥ. ಅದಕ್ಕೆ ಎದುರು ಪದ ‘ಇಂಪೀಡ್’, ಅಂದರೆ ಕಾಲಿಗೆ ತೊಡರು ಹಾಕು. ಎರಡೂ ಒಂದೇ ಮನೆಯ ಮಕ್ಕಳು. ಹಾಗಾಗಿ ಎಕ್ಸ್‌ಪೆಡೈಟ್ ಅಂತ ಬರೆಯುವವರು ಎರಡು ವಿಷಯ ಹೇಳಬೇಕಾಗುತ್ತದೆ: ಯಾವುದರ ಕಾಲು ಸಿಕ್ಕಿಕೊಂಡಿದೆ, ಎಲ್ಲಿ ಸಿಕ್ಕಿಕೊಂಡಿದೆ. ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ನಂತರ ಏನಾದರೂ ಒಂದು ವಸ್ತು ಬರಲೇಬೇಕು. ಕ್ಲೇಮನ್ನು ಎಕ್ಸ್‌ಪೆಡೈಟ್ ಮಾಡಿ, ಪೇಮೆಂಟನ್ನು ಮಾಡಿ, ವಿಚಾರಣೆಯನ್ನು ಮಾಡಿ. ನಮ್ಮ ಪತ್ರಗಳಲ್ಲಿ ಅದು ಒಂಟಿಯಾಗಿ ನಿಂತಿರುತ್ತದೆ. ‘ಕೈಂಡ್ಲಿ ಎಕ್ಸ್‌ಪೆಡೈಟ್.’ ಮುಗಿಯಿತು. ಇಲ್ಲದಿದ್ದರೆ ‘ಕೈಂಡ್ಲಿ ಎಕ್ಸ್‌ಪೆಡೈಟ್ ದ ಸೇಮ್ ಅಟ್ ದ ಅರ್ಲಿಯೆಸ್ಟ್’. ಬೇಗ ಮಾಡುವುದನ್ನು ಬೇಗ ಮಾಡಿ ಅಂದ ಹಾಗೆ. ಒಬ್ಬ ಹುಡುಗ ಮೊಬೈಲಿನಲ್ಲಿ ತಾನೇ ಬರೆದುಕೊಂಡು ಬಂದಿದ್ದ, ‘ಪ್ಲೀಸ್ ಎಕ್ಸ್‌ಪೆಡೈಟ್ ಮಿ’. ನನ್ನನ್ನು ಬೇಗ ಸಾಗಹಾಕಿ! ಕಚೇರಿಯವರು ಬಹಳ ಖುಷಿಯಿಂದ ಮಾಡುತ್ತಿದ್ದರು, ನಾನೇ ತಿದ್ದಿದೆ.

ಈ ಪದವನ್ನು ಸರಿಯಾಗಿ ಬಳಸುವವರು ಬೇರೆ ಕಡೆ ಇದ್ದಾರೆ. ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರುಗಳು ಪೈಲಟ್ಟಿಗೆ ‘ಎಕ್ಸ್‌ಪೆಡೈಟ್’ ಅನ್ನುತ್ತಾರೆ. ನನ್ನ ತಂಗಿಯ ಮಗ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಾನೆ, ಅವನು ಹೇಳಿದ್ದು. ಅಲ್ಲಿ ಅದು ಬೇಡಿಕೆಯ ಮಾತಲ್ಲ. ಈಗಲೇ ಮಾಡದಿದ್ದರೆ ಮುಂದೆ ತೊಂದರೆ ಎದುರಾಗಬಹುದು ಅನ್ನುವಾಗ ಮಾತ್ರ ಬಾಯಿಂದ ಬರುವ ಮಾತು. ಮೇಲೆ ಏರಬೇಕೋ ಕೆಳಗಿಳಿಯಬೇಕೋ, ಯಾವ ಎತ್ತರದವರೆಗೆ, ಎಲ್ಲ ಅದರ ಜೊತೆಗೇ ಇರುತ್ತದೆ. ಪೈಲಟ್ಟಿಗೆ ಆಗದಿದ್ದರೆ ಅವನು ಸುಮ್ಮನಿರುವ ಹಾಗಿಲ್ಲ. ‘ಅನೇಬಲ್’, ಆಗಲ್ಲ ಅಂತ ತಕ್ಷಣ ಹೇಳಬೇಕು. ನನಗೆ ಬಹಳ ಹಿಡಿಸಿದ್ದು ಈ ಕೊನೆಯ ಭಾಗ. ನಮ್ಮಲ್ಲಿ ಎಕ್ಸ್‌ಪೆಡೈಟ್ ಅಂತ ಬರೆದ ಪತ್ರಕ್ಕೆ ಯಾರಾದರೂ ‘ಆಗಲ್ಲ’ ಅಂತ ಉತ್ತರ ಕೊಟ್ಟಿದ್ದನ್ನು ನೀವು ನೋಡಿದ್ದೀರಾ? ‘ಪರಿಶೀಲನೆಯಲ್ಲಿದೆ’ ಅಂತ ಬರುತ್ತದೆ. ಆಗಲ್ಲ ಅಂದರೆ ಮುಂದಿನ ಬಾಗಿಲಾದರೂ ತಟ್ಟಬಹುದಿತ್ತು.

ಕಾನೂನು ಬರೆದವರಿಗೆ ಈ ವಿಷಯ ಗೊತ್ತಿತ್ತು ಅಂತ ನನಗನ್ನಿಸೋದು 2005ರ ಮಾಹಿತಿ ಹಕ್ಕು ಕಾಯ್ದೆಯ 7ನೇ ಸೆಕ್ಷನ್ ಟೈಪ್ ಮಾಡುವಾಗೆಲ್ಲ. ಅದರಲ್ಲೂ ಇದೇ ಪದದ ಕುಲದ ‘ಎಕ್ಸ್‌ಪೆಡಿಷಿಯಸ್ಲಿ’ ಇದೆ. ಸಾಧ್ಯವಾದಷ್ಟು ಬೇಗ ಮಾಹಿತಿ ಕೊಡಬೇಕು ಅನ್ನುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಿಲ್ಲ. ಏನೇ ಆದರೂ ಅರ್ಜಿ ಬಂದ 30 ದಿನದೊಳಗೆ ಅಂತ ಮುಂದುವರಿಸಿದ್ದಾರೆ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ 20ನೇ ಸೆಕ್ಷನ್ನಿನಲ್ಲಿ ದಿನಕ್ಕೆ 250 ರೂಪಾಯಿ ದಂಡ, ಹೆಚ್ಚೆಂದರೆ 25,000. ಆ ‘30 ದಿನ’ ಅನ್ನುವ ಎರಡು ಪದ ತೆಗೆದುಬಿಡಿ, ಕಾಯ್ದೆಯಲ್ಲಿ ಏನು ಉಳಿಯುತ್ತದೆ? ಸಂವಿಧಾನದ 200ನೇ ವಿಧಿಯಲ್ಲಿ ರಾಜ್ಯಪಾಲರು ಮಸೂದೆಯನ್ನು ವಾಪಸು ಕಳಿಸುವ ವಿಚಾರಕ್ಕೆ ‘ಆದಷ್ಟು ಬೇಗ’ ಅಂತ ಮಾತ್ರ ಇದೆ, ದಿನದ ಲೆಕ್ಕ ಇಲ್ಲ. ಆ ಮಸೂದೆಗಳ ತಡದ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ದೊಡ್ಡವರ ಗತಿಯೇ ಹೀಗಾದರೆ ಹಿರಿಯೂರಿನ ಅಜ್ಜಿಯ ಪಿಂಚಣಿ ಅರ್ಜಿ ಯಾವ ಲೆಕ್ಕ?

ಒಂದು ಉದಾಹರಣೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಓದುಗರಿಗೆ ಉಪಯೋಗ ಆಗಬಹುದು. ನಿವೃತ್ತರಾದ ಒಬ್ಬ ಬಸ್ ಕಂಡಕ್ಟರ್ ಬಂದರು. ಬಂದ ಗಂಟು ಹಣದಲ್ಲಿ ಮನೆ ಸಾಲ ಪೂರ್ತಿ ತೀರಿಸಿದ್ದರು. ಮನೆಯ ಮೂಲ ಪತ್ರಗಳು ಮಾತ್ರ ಬ್ಯಾಂಕಿನಿಂದ ವಾಪಸು ಬಂದಿರಲಿಲ್ಲ. ಯಾವ ಬ್ಯಾಂಕು ಅನ್ನೋದು ಬೇಡ. ಹೋದಾಗೆಲ್ಲ ‘ಹೆಡ್ ಆಫೀಸಿನಿಂದ ಬರಬೇಕು’ ಅನ್ನುವ ಉತ್ತರ. ಅವರ ಕೈಯಲ್ಲಿ ಮೊದಲು ಕೊಟ್ಟ ಪತ್ರಗಳ ನಕಲಿದ್ದವು. ಬೇರೆ ಕಡೆ ಟೈಪ್ ಮಾಡಿಸಿದ್ದು. ಪ್ರತಿಯೊಂದರಲ್ಲೂ ಎಕ್ಸ್‌ಪೆಡೈಟ್ ಇದೆ. ಒಂದರಲ್ಲಂತೂ ಅದು ದೊಡ್ಡ ಅಕ್ಷರದಲ್ಲಿದೆ, ಕೆಳಗೆ ಗೆರೆ ಬೇರೆ. ಸಾಲ ಯಾವತ್ತು ತೀರಿತು ಅನ್ನೋದು ಯಾವ ಪತ್ರದಲ್ಲೂ ಇಲ್ಲ.

ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಒಂದು ಸುತ್ತೋಲೆ ಹೊರಡಿಸಿದೆ. ಮನೆ ಸಾಲದಂಥ ವೈಯಕ್ತಿಕ ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಆಸ್ತಿಯ ಮೂಲ ಪತ್ರಗಳನ್ನು ವಾಪಸು ಕೊಡಬೇಕು. ಬ್ಯಾಂಕಿನಿಂದಲೇ ತಡವಾದರೆ ಸಾಲಗಾರರಿಗೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಆ ವರ್ಷದ ಡಿಸೆಂಬರ್ 1ರಿಂದ ವಾಪಸು ಕೊಡಬೇಕಾದ ಪತ್ರಗಳಿಗೆಲ್ಲ ಇದು ಅನ್ವಯ. ಪತ್ರ ಕಳೆದುಹೋಗಿದ್ದರೆ ನಕಲು ಪಡೆಯಲು ಬ್ಯಾಂಕೇ ಸಹಾಯ ಮಾಡಬೇಕು, ಖರ್ಚೂ ಅವರದೇ. ನಾನು ಹೊಸ ಪತ್ರದಲ್ಲಿ ಇಷ್ಟೇ ಬರೆದೆ: ಸಾಲ ತೀರಿದ ತಾರೀಕು, ಅಲ್ಲಿಂದ 30ನೇ ದಿನ ಯಾವತ್ತು ಬಿತ್ತು, ಸುತ್ತೋಲೆಯ ತಾರೀಕು, ಇವತ್ತಿನವರೆಗೆ ದಿನಕ್ಕೆ 5,000ದಂತೆ ಎಷ್ಟಾಯಿತು. ಎಕ್ಸ್‌ಪೆಡೈಟ್ ಹಾಕಲಿಲ್ಲ. ಅವರಿಗೆ ಸಮಾಧಾನ ಆಗಲಿಲ್ಲ. “ಇಂಗ್ಲಿಷ್ ಸ್ವಲ್ಪ ಕಡಿಮೆ ಆಯ್ತೇನೋ ಮೇಡಂ” ಅಂದರು. ಮರುವಾರ ಬ್ಯಾಂಕಿನಿಂದಲೇ ಫೋನ್ ಬಂತಂತೆ, ಬಂದು ಪತ್ರ ತಗೊಂಡು ಹೋಗಿ ಅಂತ. ಪರಿಹಾರದ ಹಣದ ಮಾತು ಅವರೂ ಎತ್ತಲಿಲ್ಲ, ಬ್ಯಾಂಕೂ ಎತ್ತಲಿಲ್ಲ. ಬಿಡಬಾರದಿತ್ತು ಅಂತ ನಾನು ಹೇಳಿದೆ, “ಪತ್ರ ಸಿಕ್ತಲ್ಲ ಸಾಕು” ಅಂದುಬಿಟ್ಟರು.

ಇದನ್ನು ಓದಿ ಎಲ್ಲ ಕಡೆ ಹೀಗೇ ನಡೆಯುತ್ತದೆ ಅಂದುಕೊಳ್ಳಬೇಡಿ. ಪಿಎಫ್ ಹಣಕ್ಕೆ ದಾಖಲೆ ಸರಿಯಿದ್ದರೆ 20 ದಿನ ಅಂತ ನಿಯಮ ಇದೆ, ಗ್ರ್ಯಾಚುಟಿಗೆ 30 ದಿನ ಇದೆ. ಬರೆದರೂ ಅಲುಗಾಡದ ಕಚೇರಿಗಳನ್ನು ನಾನು ನೋಡಿದ್ದೇನೆ. ಗ್ರ್ಯಾಚುಟಿ ವಿಷಯದಲ್ಲಿ ಕಾರ್ಖಾನೆಯೇ ಮುಚ್ಚಿದ್ದರೆ ಪತ್ರ ಯಾರಿಗೆ ಬರೆಯೋದು? ದಾವಣಗೆರೆಯ ಹಳೇ ಹತ್ತಿ ಗಿರಣಿಗಳಲ್ಲಿ ದುಡಿದವರ ಮನೆಯವರನ್ನು ಕೇಳಿ, ಹೇಳುತ್ತಾರೆ. ಆದರೆ ದಿನದ ಲೆಕ್ಕ ಕಾಗದದ ಮೇಲಿದ್ದರೆ ಮುಂದೆ ಹೋಗಲು ಒಂದು ಮೆಟ್ಟಿಲು ಇರುತ್ತದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅಲ್ಲಿ ಮೊದಲು ಕೇಳೋದು ಯಾವತ್ತು ದೂರು ಕೊಟ್ಟಿರಿ ಅಂತ.

ಇನ್ನು ನಮ್ಮ ಊರಿನದೇ ಒಂದು ವಿಷಯ. ಇದನ್ನು ನಾವೇ ಮರೆತಿದ್ದೇವೆ ಅನ್ನೋದು ನನಗೆ ಬೇಜಾರು. ಸಕಾಲ ಯೋಜನೆ ರಾಜ್ಯಕ್ಕೆಲ್ಲ ಬಂದದ್ದು 2012ರ ಏಪ್ರಿಲ್ 2ರಂದು. ಅದಕ್ಕೆ ಒಂದು ತಿಂಗಳು ಮೊದಲೇ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಔರಾದ್, ಧಾರವಾಡ, ಪುತ್ತೂರು, ಮತ್ತೆ ನಮ್ಮ ಚಿತ್ರದುರ್ಗ. ಹೌದು, ಇಡೀ ಕರ್ನಾಟಕದಲ್ಲಿ ‘ಇಷ್ಟು ದಿನದೊಳಗೆ’ ಅನ್ನುವ ಮಾತನ್ನು ಕಚೇರಿಯ ಕೌಂಟರಿನಲ್ಲಿ ಮೊದಲು ಕೇಳಿದವರಲ್ಲಿ ನಾವಿದ್ದೇವೆ. ಅರ್ಜಿ ಕೊಟ್ಟರೆ ಜಿಎಸ್‌ಸಿ ಸಂಖ್ಯೆ, ಅಂದರೆ ಆ ಅರ್ಜಿಯ ಗುರುತಿನ ಸಂಖ್ಯೆ, ಇರುವ ಸ್ವೀಕೃತಿ ಕೊಡಬೇಕು. ಆ ಸೇವೆಗೆ ಎಷ್ಟು ದಿನ ಅಂತ ಮೊದಲೇ ಗೊತ್ತಾಗಿರಬೇಕು. ಆ ದಿನ ದಾಟಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಸಿಗಬೇಕು. 20 ರೂಪಾಯಿ ದೊಡ್ಡ ದುಡ್ಡಲ್ಲ, ಇವತ್ತು ಅದರಲ್ಲಿ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿಯೂ ಕಷ್ಟ. ಆದರೆ ಅದು ಯಾರದೋ ತಡಕ್ಕೆ ಕಟ್ಟಿದ ಬೆಲೆ. ಮೊದಮೊದಲು ಜನ ಆ ಸ್ವೀಕೃತಿ ಚೀಟಿಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ನನ್ನ ಹತ್ತಿರ ತರುತ್ತಿದ್ದರು. ಈಗ ಕೇಳಿದರೆ “ಅದೆಲ್ಲಿ ಬಿದ್ದೈತೋ, ನೀವು ಜರೂರು ಅಂತ ಬರೀರಿ” ಅನ್ನುತ್ತಾರೆ. ಕೈಯಲ್ಲಿದ್ದ ಸಂಖ್ಯೆಯನ್ನು ಬಿಟ್ಟು ವಿನಂತಿಗೆ ವಾಪಸು ಬಂದಿದ್ದೇವೆ.

ಕಚೇರಿಯವರ ಕಷ್ಟವೂ ನನಗೆ ಗೊತ್ತು. ನಾಲ್ಕು ಜನ ಇರಬೇಕಾದ ಕಡೆ ಒಬ್ಬ ಗುಮಾಸ್ತ, ಅವನಿಗೆ ಚುನಾವಣೆ ಕೆಲಸ ಬೇರೆ, ಗಣತಿ ಬೇರೆ. ಅವನ ಮೇಜಿನ ಮೇಲೆ ಎಲ್ಲ ಫೈಲಿನ ಮೇಲೂ ‘ಅತಿ ಜರೂರು’ ಇದ್ದರೆ ಅವನು ಯಾವುದನ್ನು ಮೊದಲು ತೆಗೆಯಬೇಕು? ಗಾಂಧಿ ವೃತ್ತದಲ್ಲಿ ಸಂಜೆ ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆದ ಹಾಗೆ, ಆಂಬುಲೆನ್ಸಿನದು ಯಾವುದು ಅಂತಲೇ ಗೊತ್ತಾಗೋದಿಲ್ಲ. ಒಬ್ಬ ನಿವೃತ್ತ ಶಿರಸ್ತೇದಾರರು ನನ್ನ ಅಂಗಡಿಯಲ್ಲಿ ಕೂತು ವಾದ ಮಾಡಿದರು. ತಾರೀಕು ಹಿಡಿದು ಕೂತರೆ ಅಧಿಕಾರಿ ಗಡಿಬಿಡಿಯಲ್ಲಿ ಅರ್ಜಿಯನ್ನೇ ತಿರಸ್ಕರಿಸಿ ಲೆಕ್ಕ ಮುಗಿಸುತ್ತಾನೆ ಅಂದರು. ಹಾಗೆ ಆಗಿರುವುದೂ ಉಂಟು, ಸುಳ್ಳಲ್ಲ. ಜಮೀನಿನ ಅಳತೆಯಂಥ ಕೆಲಸ ಅವಸರದಲ್ಲಿ ಮಾಡಿದರೆ ಅಣ್ಣ ತಮ್ಮಂದಿರು ಮುಂದೆ ಕೋರ್ಟಿಗೆ ಅಲೆಯುತ್ತಾರೆ. ಒಪ್ಪಿದೆ. ಹಾಗಾದರೆ ಜಾಸ್ತಿ ದಿನ ಬೇಕು ಅಂತ ಹೇಳಲಿ. ಅರುವತ್ತು ದಿನ ಅನ್ನಲಿ, ತೊಂಬತ್ತು ಅನ್ನಲಿ. ತಿರಸ್ಕರಿಸಿದರೆ ಕಾರಣ ಬರೆದು ಕೊಡಲಿ, ಮೇಲ್ಮನವಿ ಹಾಕುತ್ತೇವೆ. ಇದಕ್ಕೆ ಅವರು ಉತ್ತರ ಕೊಡಲಿಲ್ಲ, ಕಾಫಿ ಬಂತು ಅಂತ ಮಾತು ಬೇರೆ ಕಡೆ ಹೋಯಿತು.

ದೊಡ್ಡ ಕೆಲಸಗಳ ವಿಷಯಕ್ಕೆ ಬಂದರೆ ನಿಮ್ಮ ಪುಟಗಳೇ ಸಾಕ್ಷಿ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗ ಮಂಜೂರಾದದ್ದು 2011-12ರಲ್ಲಿ. ಆಗ ಹುಟ್ಟಿದ ಮಕ್ಕಳು ಈಗ ಹೈಸ್ಕೂಲು ಓದುತ್ತಿದ್ದಾರೆ. ನಾವು ಮಾತ್ರ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ಇನ್ನೂ ಚಿಕ್ಕಜಾಜೂರು, ಬೀರೂರು ಸುತ್ತಿಕೊಂಡು ಹೋಗಬೇಕು. ಈ ಮಾರ್ಗದ ಬಗ್ಗೆ ‘ತ್ವರಿತಗೊಳಿಸಿ’ ಅಂತ ಯಾವ ಪಕ್ಷದವರು ಹೇಳಿಲ್ಲ? ಭದ್ರಾ ಮೇಲ್ದಂಡೆಯೂ ಅಷ್ಟೇ. ಚಿತ್ರದುರ್ಗ, ದಾವಣಗೆರೆ, ತುಮಕೂರು, ಚಿಕ್ಕಮಗಳೂರು, ನಾಲ್ಕು ಜಿಲ್ಲೆಗಳ ಎರಡೂಕಾಲು ಲಕ್ಷ ಹೆಕ್ಟೇರಿಗೆ ನೀರು ಕೊಡುವ, 367 ಕೆರೆ ತುಂಬಿಸುವ ಯೋಜನೆ. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಅವರು ಇದಕ್ಕೆ 5,300 ಕೋಟಿ ರೂಪಾಯಿ ಅಂತ ಓದಿದಾಗ ನಮ್ಮ ಬೀದಿಯಲ್ಲಿ ಟಿವಿ ಮುಂದೆ ಚಪ್ಪಾಳೆ ಬಿತ್ತು. ಆ ಸಾಲಿನಲ್ಲಿ ಮೊತ್ತ ಇತ್ತು, ಕೊಡುವ ದಿನ ಇರಲಿಲ್ಲ. ಆಮೇಲೆ ದೆಹಲಿಗೂ ಬೆಂಗಳೂರಿಗೂ ಆ ಹಣದ ಬಗ್ಗೆ ಎಷ್ಟು ಮಾತುಕತೆ ನಡೆಯಿತು ಅನ್ನೋದನ್ನು ನೀವೇ ಅಚ್ಚು ಹಾಕಿದ್ದೀರಿ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಇದು. ಮುಂದಿನ ಸಲ ಮಂತ್ರಿಗಳೋ, ಸಂಸದರೋ, ಜಿಲ್ಲಾಧಿಕಾರಿಗಳೋ ಕಾಮಗಾರಿ ಚುರುಕುಗೊಳಿಸಲು ಸೂಚಿಸಿದರು ಅಂದರೆ ನಿಮ್ಮ ವರದಿಗಾರರು ಸಭೆ ಮುಗಿದ ಮೇಲೆ ‘ಯಾವ ತಾರೀಕಿನೊಳಗೆ ಸರ್’ ಅಂತ ಕೇಳಲಿ. ಹೇಳಿದರೆ ತಲೆಬರಹದಲ್ಲೇ ಹಾಕಿ. ಹೇಳದಿದ್ದರೆ ‘ಗಡುವು ತಿಳಿಸಲಿಲ್ಲ’ ಅಂತ ಒಂದು ಸಾಲು ಹಾಕಿ. ಜಾಸ್ತಿ ಜಾಗ ಬೇಡ. ಗಡುವು ಹೇಳಿದ್ದರೆ ಆ ದಿನ ಬಂದಾಗ ಒಂದು ಸಣ್ಣ ಸುದ್ದಿ, ಆಯಿತೋ ಇಲ್ಲವೋ ಅಂತ. ಇದಕ್ಕೆ ನಿಮ್ಮ ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಕೊಂಡರೆ ಸಾಕಲ್ವಾ?

ಅರ್ಜಿ ಬರೆಸುವವರಿಗೂ ಒಂದು ಮಾತು. ಬರುವಾಗ ಹಳೆಯ ಸ್ವೀಕೃತಿ ಚೀಟಿ ತನ್ನಿ. ಅದಿಲ್ಲದಿದ್ದರೆ ಮೊದಲ ಅರ್ಜಿ ಕೊಟ್ಟ ತಾರೀಕಾದರೂ ನೆನಪು ಮಾಡಿಕೊಂಡು ಬನ್ನಿ. ಫೈಲು ಈಗ ಯಾರ ಹತ್ತಿರ ಇದೆ ಅಂತ ಕಚೇರಿಯಲ್ಲಿ ವಿಚಾರಿಸಿ ಬಂದರೆ ಇನ್ನೂ ಒಳ್ಳೆಯದು. ನಿಮ್ಮ ಕೆಲಸಕ್ಕೆ ಎಷ್ಟು ದಿನ ಅನ್ನುವ ನಿಯಮ ಇದ್ದರೆ ಹುಡುಕಿ ಬರೆಯುತ್ತೇನೆ. ಇಲ್ಲದಿದ್ದರೆ ‘ಯಾವ ದಿನದೊಳಗೆ ಮಾಡಿಕೊಡುತ್ತೀರಿ ಎಂದು ಬರವಣಿಗೆಯಲ್ಲಿ ತಿಳಿಸಿ’ ಅಂತ ಒಂದು ಸಾಲು ಹಾಕುತ್ತೇನೆ. ಎಕ್ಸ್‌ಪೆಡೈಟ್ ಬೇಕೇ ಬೇಕು ಅಂದರೆ ಅದನ್ನೂ ಹಾಕಿಕೊಡುತ್ತೇನೆ, ಬೇಡ ಅನ್ನಲ್ಲ. ಎರಡು ಪ್ರತಿ ತೆಗೆಸಿ. ಒಂದು ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಕು, ಸಹಿ ಹಾಕಿಸಿಕೊಂಡು ಮನೆಯಲ್ಲಿಟ್ಟುಕೊಳ್ಳಿ. ಸೀಲಿನಲ್ಲಿ ತಾರೀಕು ಸರಿಯಾಗಿ ಮೂಡಿದೆಯಾ ಅಂತ ಅಲ್ಲೇ ನಿಂತು ನೋಡಿ, ಇಂಕು ಒಣಗಿದ ಸೀಲುಗಳೇ ಜಾಸ್ತಿ.

ಇಂತಿ,
ಒಬ್ಬ ಜಾಬ್ ಟೈಪಿಸ್ಟ್,
ಚಿತ್ರದುರ್ಗ